ಕೊಡಗಿನ ಮಳೆಗೆ ಕೊಳೆತ ಸೈಲೆನ್ಸರ್ ಹೋಗಿ ಸ್ಟೇನ್‌ಲೆಸ್ ಬಂತು

ಸೈಲೆನ್ಸರ್ ಬದಲಿಸ್ತಿದ್ದೀನಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸೌಂಡ್ ಹೇಗಿದೆ?" ಸೌಂಡಿಗೆ ನನ್ನ ಗಾಡಿಯಲ್ಲಿ ಬರವೇನೂ ಇರಲಿಲ್ಲ, ಬರಬಾರದ ಜಾಗದಿಂದ ಬರುತ್ತಿತ್ತು ಅಷ್ಟೇ. ಹಳೆ ಸೈಲೆನ್ಸರಿನ ತಳದಲ್ಲಿ, ಉದ್ದಕ್ಕೆ ವೆಲ್ಡಿಂಗ್ ಗೆರೆ ಇರುವ ಕಡೆ, ತುಕ್ಕು ತಿಂದು ಬೆರಳಗಲ ತೂತಾಗಿತ್ತು. ಸುತ್ತಲಿನ ತಗಡು ನೋಡಲು ಗಟ್ಟಿಯಾಗೇ ಇತ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಯಿತು.

ಗಾಡಿ 300 ಸಿಸಿ, ಎರಡು ಸಿಲಿಂಡರ್, ಫುಲ್ ಫೇರಿಂಗ್ ಇರುವ ಸ್ಪೋರ್ಟ್ಸ್ ಬೈಕು. ಯಾವ ಕಂಪನಿ ಅಂತ ಬರೆಯಲು ಹೋಗುವುದಿಲ್ಲ. ಸಿದ್ದಾಪುರದ ಸುತ್ತಮುತ್ತ ಮಳೆಗಾಲ ಪೂರ್ತಿ ಓಡಿದರೆ ಯಾವ ಕಂಪನಿಯದಾದರೂ ಇದೇ ಗತಿ.

ತುಕ್ಕು ಹೊರಗಿನ ಮಳೆಯಿಂದ ಹಿಡಿದದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹುಪಾಲು ಕೆಲಸ ಒಳಗಿನ ನೀರಿನದ್ದು. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂದು ಲೀಟರ್ ನೀರು. ದೂರದ ಸವಾರಿಯಲ್ಲಿ ಸೈಲೆನ್ಸರ್ ಚೆನ್ನಾಗಿ ಕಾಯುವುದರಿಂದ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ನಾವು ಓಡಿಸುವುದು ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ. ಹಾಲಿಗೆ, ಮೊಬೈಲ್ ಚಾರ್ಜರಿಗೆ, ಸ್ಪ್ರೇ ಪಂಪಿನ ವಾಷರಿಗೆ. ಎಂಜಿನ್ನಿನಿಂದ ಹೊರಡುವ ಬೆಂಡ್ ಪೈಪು ಕೈ ಸುಡುವಷ್ಟು ಬಿಸಿಯಾದರೂ ಸೈಲೆನ್ಸರಿನ ಹಿಂಭಾಗ ಬೆಚ್ಚಗಾಗುವ ಮೊದಲೇ ಸ್ಟ್ಯಾಂಡ್ ಹಾಕಿಬಿಡುತ್ತೇವೆ. ಒಳಗಿನ ಆವಿ ತಣ್ಣಗಾಗಿ, ಮಸಿಯ ಜೊತೆ ಬೆರೆತು, ಸ್ವಲ್ಪ ಹುಳಿಯಾದ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಅದು ಇಳಿದು ಹೋಗಲಿ ಅಂತಲೇ ಕಂಪನಿಯವರು ತಳದಲ್ಲಿ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ನನ್ನದರಲ್ಲಿ ಆ ರಂಧ್ರಕ್ಕೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಗಾಡಿ ಶೆಡ್ಡಿನಲ್ಲೇ ನಿಂತಿದ್ದಾಗ ಕಟ್ಟಿರಬೇಕು.

ಮೊದಲು ಕೇಳಿದ್ದು ಪ್ಯಾಚ್ ಹಾಕಬಹುದಾ ಅಂತ. ವೆಲ್ಡಿಂಗ್ ಅಂಗಡಿಯ ಅಣ್ಣ ತೂತಿನ ಸುತ್ತ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ ನಕ್ಕರು. "ಇದ್ರಲ್ಲಿ ವೆಲ್ಡ್ ಹಿಡಿಯೋಕೆ ತಗಡೇ ಇಲ್ವಲ್ಲಪ್ಪ. ಒಂದು ತೂತು ಮುಚ್ಚಿದ್ರೆ ಪಕ್ಕದಲ್ಲಿ ಇನ್ನೆರಡು ಬಿಡುತ್ತೆ." ಕಂಪನಿಯದ್ದೇ ಹೊಸ ಸೈಲೆನ್ಸರಿನ ಬೆಲೆ ಕೇಳಿದ ಮೇಲೆ ಹೊರಗಿನದ್ದನ್ನು ಹುಡುಕುವುದು ಅನಿವಾರ್ಯವಾಯಿತು.

ಹೊರಗಿನ ಎಕ್ಸಾಸ್ಟ್‌ನಲ್ಲಿ ಎರಡು ಜಾತಿ. ಫುಲ್ ಸಿಸ್ಟಮ್ ಅಂದರೆ ಎಂಜಿನ್ ಹೆಡ್ಡಿನಿಂದ ಹಿಂದಿನ ತುದಿವರೆಗೆ ಎಲ್ಲವೂ ಹೊಸದು. ಸ್ಲಿಪ್-ಆನ್ ಅಂದರೆ ಬೆಂಡ್ ಪೈಪು ಹಾಗೇ ಇಟ್ಟು ಹಿಂದಿನ ಡಬ್ಬಿ ಮಾತ್ರ ಬದಲು. ಫುಲ್ ಸಿಸ್ಟಮ್ ಹಾಕಿದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗುತ್ತದೆ, ಗಾಳಿ-ಪೆಟ್ರೋಲಿನ ಅಳತೆ ಏರುಪೇರಾಗುತ್ತದೆ, ಆಮೇಲೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನು ಟ್ಯೂನ್ ಮಾಡಿಸಲು ಬೆಂಗಳೂರಿಗೆ ಓಡಬೇಕು. ನನ್ನ ಗಾಡಿಯಲ್ಲಿ ಹೊಗೆಯೊಳಗಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ಕನ್ವರ್ಟರ್ ಎರಡೂ ಡಬ್ಬಿ ಸೇರುವ ಜಾಯಿಂಟಿಗಿಂತ ಮುಂದೆ, ಎಂಜಿನ್ ಕಡೆಗೇ ಇವೆ. ಹಾಗಾಗಿ ಸ್ಲಿಪ್-ಆನ್ ಹಾಕಿದರೆ ಎರಡನ್ನೂ ಮುಟ್ಟುವ ಪ್ರಮೇಯ ಇಲ್ಲ. ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಕನ್ವರ್ಟರ್ ಎಲ್ಲಿದೆ ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಅದು ಸೈಲೆನ್ಸರ್ ಡಬ್ಬಿಯೊಳಗೇ ಕೂತಿರುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಯೂನಿವರ್ಸಲ್ ಡಬ್ಬಿಗಳ ಬಾಯಿ ಸಾಮಾನ್ಯವಾಗಿ 51 ಎಂಎಂ. ಗಾಡಿಯ ಪೈಪು ಅದಕ್ಕಿಂತ ಸಣ್ಣದಿರುತ್ತದೆ, ನಡುವೆ ಒಂದು ಲಿಂಕ್ ಪೈಪು ಬೇಕು. ಅಳತೆ ಹೊಂದದ ಲಿಂಕ್ ಪೈಪಿಗೆ ತಗಡಿನ ಚೂರು ಸುತ್ತಿ ಸಿಕ್ಕಿಸಿ ಕೊಡುವವರಿದ್ದಾರೆ. ಮೂರು ದಿನಕ್ಕೆ ಲೀಕ್ ಗ್ಯಾರಂಟಿ. ವರ್ನಿಯರ್ ಹಿಡಿದು ಪೈಪಿನ ಹೊರ ಅಳತೆ ತೆಗೆದು, ನನ್ನ ಮಾಡೆಲ್ಲಿಗೇ ಮಾಡಿದ ಲಿಂಕ್ ಪೈಪ್ ಬರುವ ಸೆಟ್ಟನ್ನೇ ತರಿಸಿಕೊಂಡೆ.

ಸ್ಟೇನ್‌ಲೆಸ್ ವಿಷಯದಲ್ಲಿ ಒಂದು ಮಾತು. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟಲ್ಲ, ಒರಿಜಿನಲ್ 304" ಅನ್ನುತ್ತಾರೆ. 304ಕ್ಕೆ ಅಯಸ್ಕಾಂತ ಅಂಟುವುದಿಲ್ಲ ಅನ್ನುವುದು ಹೆಚ್ಚುಕಮ್ಮಿ ನಿಜ. ಆದರೆ 202 ಅನ್ನುವ ಅಗ್ಗದ ಜಾತಿಗೂ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಹಾಕಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ನಮ್ಮ ತೇವಕ್ಕೆ ಬೇಗ ಕಂದು ಚುಕ್ಕೆ ಬಿಡುತ್ತದೆ. ಇತ್ತ ಗಾಡಿ ಕಂಪನಿಗಳೇ ಎಕ್ಸಾಸ್ಟ್‌ಗೆ ಬಳಸುವ 409 ಜಾತಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಅದು ಮೇಲೆ ಕಂದಾದರೂ ಶಾಖಕ್ಕೆ ಚೆನ್ನಾಗಿ ಬಾಳುತ್ತದೆ. ಒಟ್ಟಿನಲ್ಲಿ ಅಯಸ್ಕಾಂತ ನಂಬಿ ದುಡ್ಡು ಕೊಡುವಂತಿಲ್ಲ. ನಾನು ನೋಡಿದ್ದು ವೆಲ್ಡಿಂಗನ್ನು. ಟಿಗ್ ವೆಲ್ಡಿಂಗಿನ ಗೆರೆ ಸಮನಾಗಿ, ಒಳಗಡೆಯೂ ಕಪ್ಪು ಹುರುಕಿಲ್ಲದೆ ಇದ್ದರೆ ಮಾಡಿದವನಿಗೆ ಕೆಲಸದ ಮೇಲೆ ಮರ್ಯಾದೆ ಇದೆ ಅಂತ ಅರ್ಥ. ಹೆಸರಾಂತ ಬ್ರಾಂಡಿನ ಸ್ಟಿಕರ್ ಅಂಟಿಸಿಕೊಂಡು ನಾಲ್ಕು ಸಾವಿರಕ್ಕೆ ಬರುವ ಟೈಟಾನಿಯಂ ಬಗ್ಗೆ ಬರೆದು ಸಮಯ ಹಾಳುಮಾಡುವುದಿಲ್ಲ.

ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಇಲ್ಲದ್ದನ್ನು ನೋಡಲೂ ಇಲ್ಲ. ಡಬ್ಬಿಯ ಹಿಂಬಾಯಿಗೆ ಒಂದು ಬೋಲ್ಟಿನಲ್ಲಿ ಕೂರುವ, ತೂತುತೂತಿನ ಆ ಸಣ್ಣ ಕೊಳವೆಯನ್ನು ಹುಡುಗರು ಮೊದಲ ದಿನವೇ ಕಿತ್ತು ಬಿಸಾಡುತ್ತಾರೆ. 175 ಸಿಸಿಗಿಂತ ದೊಡ್ಡ ಬೈಕುಗಳಿಗೆ ತಯಾರಿಕೆಯ ಹಂತದಲ್ಲೇ 80 ಡೆಸಿಬಲ್ ಮಿತಿ ಇದೆ. 80ರಿಂದ 175 ಸಿಸಿವರೆಗಿನವಕ್ಕೆ 77. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ, 2019ರ ತಿದ್ದುಪಡಿ ಆದ ಮೇಲೆ, ಸದ್ದು-ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮೇಲಿಂದ ಮೂರು ತಿಂಗಳು ಲೈಸೆನ್ಸ್ ಇಲ್ಲ. 52ನೇ ಕಲಮು ಗಾಡಿಯ ಮೂಲ ರಚನೆ ಬದಲಿಸುವುದರ ಬಗ್ಗೆಯೇ ಇದೆ. ಕಿತ್ತ ಸೈಲೆನ್ಸರುಗಳ ಸಾಲಿನ ಮೇಲೆ ರೋಡ್ ರೋಲರ್ ಹತ್ತಿಸುವ ಪೊಲೀಸರ ವಿಡಿಯೊ ನೋಡದವರು ಯಾರಿದ್ದಾರೆ? ಡಿಬಿ ಕಿಲ್ಲರ್ ಇದ್ದ ಮಾತ್ರಕ್ಕೆ ಹೊರಗಿನ ಸೈಲೆನ್ಸರ್ ಕಾನೂನಿಗೆ ಒಪ್ಪಿಗೆಯಾಗಿಬಿಡುತ್ತದೆ ಅಂತಲೂ ಅಲ್ಲ, ಅದನ್ನು ತಿಳಿದೇ ಹಾಕಿದ್ದು.

ಕೆಲಸ ಮಾಡಿದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮಳೆಗಾಲದಲ್ಲಿ ಪಲ್ಪರಿಗೆ ಕೆಲಸ ಇಲ್ಲ, ಕೆಳಗೆ ಸಿಮೆಂಟು ನೆಲ ಇದೆ, ಬಿದ್ದ ನಟ್ಟು ಹುಡುಕಿದರೆ ಸಿಗುತ್ತದೆ. ಜೊತೆಗೆ ಚಿಕ್ಕಪ್ಪನ ಮಗ, ಟಾರ್ಚ್ ಹಿಡಿಯಲು. ಪ್ಯಾಡಕ್ ಸ್ಟ್ಯಾಂಡ್ ಹಾಕಿ ಗಾಡಿ ನೆಟ್ಟಗೆ ನಿಲ್ಲಿಸಿಕೊಂಡೆವು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಗಾಡಿಗೆ ಸೈಲೆನ್ಸರ್ ಸರಿಯಾಗಿ ಕೂರಿಸುವುದು ಆಗದ ಮಾತು.

ಪುಸ್ತಕದ ಪ್ರಕಾರ ಬಿಚ್ಚುವುದು ಸುಲಭ: ಜಾಯಿಂಟಿನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸು, ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್ಟಿನ ಬೋಲ್ಟ್ ತೆಗೆ, ತಿರುಗಿಸುತ್ತಾ ಹಿಂದಕ್ಕೆ ಎಳೆ. ಪುಸ್ತಕ ಬರೆದವರು ಕೊಡಗಿನ ಗಾಡಿ ನೋಡಿಲ್ಲ. ಕ್ಲ್ಯಾಂಪ್ ಬೋಲ್ಟಿನ ತಲೆ ಯಾವುದು, ತುಕ್ಕು ಯಾವುದು ಗೊತ್ತಾಗುತ್ತಿರಲಿಲ್ಲ. ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿ ಥ್ರೆಡ್ ಕಾಣುವಂತೆ ಮಾಡಿದೆವು. ತುದಿಯಲ್ಲಿ ಹೊರಗೆ ಚಾಚಿರುವ ಥ್ರೆಡ್ಡಿನ ತುಕ್ಕು ತೆಗೆಯದೆ ನಟ್ಟು ತಿರುಗಿಸಿದರೆ ಅದೇ ತುಕ್ಕು ನಟ್ಟಿನೊಳಗೆ ಸಿಕ್ಕಿ ಬೋಲ್ಟ್ ಮುರಿಯುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಜಾಯಿಂಟ್ ಬಿಸಿಯಾಗುವವರೆಗೆ ಬಿಟ್ಟು, ಆಫ್ ಮಾಡಿ, ಕೈ ತಾಗಿಸುವಷ್ಟು ಆರಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆವು. ಬಿಸಿ ಲೋಹ ತಣ್ಣಗಾಗುತ್ತಾ ಕುಗ್ಗುವಾಗ ಎಣ್ಣೆಯನ್ನು ಸಂದಿಗೆ ಎಳೆದುಕೊಳ್ಳುತ್ತದೆ. ತೀರ ಕೆಂಪಗೆ ಕಾದ ಪೈಪಿಗೆ ಹೊಡೆದರೆ ಹೊಗೆ, ಬೆಂಕಿ ಎರಡೂ ಬರಬಹುದು, ಹುಷಾರು. ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ ಹೊಡೆದು ರಾತ್ರಿ ಹಾಗೇ ಬಿಟ್ಟೆವು.

ಬೆಳಿಗ್ಗೆ ಫುಟ್‌ರೆಸ್ಟ್ ಬೋಲ್ಟ್ ಸಲೀಸಾಗಿ ಬಂತು. ಕ್ಲ್ಯಾಂಪಿನದ್ದಕ್ಕೆ ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಬಿಗಿ ಮಾಡುವ ದಿಕ್ಕಿಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂತು. ವಾಪಸ್ ಬಿಗಿ ಮಾಡಿ ಎಣ್ಣೆ ಬಿಟ್ಟೆ. ಅರ್ಧ ಸುತ್ತು ಬಂತು. ಅಲ್ಲಿಗೆ ಬೋಲ್ಟಿಗೆ ಸಾಕಾಯಿತು, ತಲೆ ಕೈಗೆ ಬಂತು.

"ಅಣ್ಣಾ, ಈಗ?"

"ಈಗೇನು, ಕ್ಲ್ಯಾಂಪ್ ಹೋದ್ರೆ ಹೋಗ್ಲಿ. ಗೋಣಿ ತಾ."

ಹೊಸ ಸೆಟ್ಟಿನ ಜೊತೆ ಹೊಸ ಕ್ಲ್ಯಾಂಪ್ ಬಂದಿತ್ತು. ಹಾಗಾಗಿ ಮುರಿದ ಬೋಲ್ಟಿನ ತುಂಡು ಹೊರಗೆ ತೆಗೆಯುವ ಸಾಹಸವೇ ಬೇಕಿರಲಿಲ್ಲ. ಎಂಜಿನ್ ಹೆಡ್ಡಿನ ಸ್ಟಡ್ ಹೀಗೆ ಮುರಿದಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು. ಬ್ಯಾಟರಿಯ ನೆಗೆಟಿವ್ ತೆಗೆದು, ಒದ್ದೆ ಗೋಣಿಚೀಲವನ್ನು ಹಿಂದಿನ ಟೈರು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಬ್ರೇಕ್ ಹೋಸಿನ ಮೇಲೆ ಮುಚ್ಚಿ, ಕ್ಲ್ಯಾಂಪಿನ ಪಟ್ಟಿಯನ್ನು ಆಕ್ಸಾ ಬ್ಲೇಡಿನಲ್ಲೇ ಕೊಯ್ದೆ. ಗ್ರೈಂಡರ್ ಇತ್ತು, ಕರೆಂಟು ಇರಲಿಲ್ಲ. ಇದ್ದಿದ್ದರೂ ಪೆಟ್ರೋಲ್ ಟ್ಯಾಂಕಿನ ಇಷ್ಟು ಹತ್ತಿರ ಕಿಡಿ ಹಾರಿಸಲು ಮನಸ್ಸಾಗುತ್ತಿರಲಿಲ್ಲ. ಬ್ಲೇಡ್ ನಿಧಾನ, ಆದರೆ ಪಟ್ಟಿ ಮುಗಿದು ಒಳಗಿನ ಪೈಪು ಶುರುವಾಗುವುದು ಕೈಗೆ ಗೊತ್ತಾಗುತ್ತದೆ. ಕ್ಲ್ಯಾಂಪ್ ಬಿಟ್ಟ ಮೇಲೂ ಡಬ್ಬಿ ಜಗ್ಗಲಿಲ್ಲ. ಮರದ ತುಂಡು ಅಡ್ಡ ಇಟ್ಟು ಎಡಕ್ಕೊಂದು ಬಲಕ್ಕೊಂದು ಪೆಟ್ಟು ಕೊಡುತ್ತಾ, ತಿರುಗಿಸುತ್ತಾ ಎಳೆದಾಗ ಗ್ರ್ಯಾಫೈಟ್ ಗ್ಯಾಸ್ಕೆಟ್ ಪುಡಿಯಾಗಿ ಉದುರಿಕೊಂಡು ಹೊರಗೆ ಬಂತು. ಆ ಗ್ಯಾಸ್ಕೆಟ್ ಮತ್ತೆ ಬಳಸುವಂಥದ್ದಲ್ಲ, ಹೊಸದು ತಂದಿಟ್ಟುಕೊಂಡೇ ಬಿಚ್ಚಬೇಕು.

ಮಧ್ಯಾಹ್ನ ಕರೆಂಟು ಬಂದಾಗ ಹಳೆ ಡಬ್ಬಿಯನ್ನು ಅಂಗಳಕ್ಕೆ ಒಯ್ದು ಉದ್ದಕ್ಕೆ ಕತ್ತರಿಸಿದೆವು. ಕೆಲಸಕ್ಕೆ ಇದರ ಅಗತ್ಯ ಇರಲಿಲ್ಲ, ಕುತೂಹಲ ಅಷ್ಟೇ. ಒಳಗೆ ಅಡ್ಡ ತಗಡು ಹಾಕಿ ಕೋಣೆಗಳಾಗಿ ಭಾಗ ಮಾಡಿದ್ದಾರೆ. ಹೊಗೆ ಒಂದು ಕೋಣೆಯಿಂದ ಹಿಂದಕ್ಕೆ ತಿರುಗಿ, ಇನ್ನೊಂದು ಕೊಳವೆಯಲ್ಲಿ ಮುಂದಕ್ಕೆ ಹೋಗಿ, ಮತ್ತೆ ತಿರುಗಿ ಹೊರಬರುತ್ತದೆ. ಹೋಗುವ ಸದ್ದಿನ ಅಲೆ, ತಿರುಗಿ ಬರುವ ಅಲೆ ಒಂದಕ್ಕೊಂದು ಬಡಿದು ಸದ್ದು ಸಾಯುತ್ತದೆ. ಕೊನೆಯ ಕೋಣೆಯ ತಳದಲ್ಲಿ ಅಡಿಕೆ ಚೊಗರಿನಂಥ ಕಪ್ಪುಗೆಂಪು ನೀರು, ಅದರಡಿ ಪದರ ಪದರವಾಗಿ ಎದ್ದ ತುಕ್ಕು. ಮೇಲಿನ ಅರ್ಧ ಮಾತ್ರ ಹೊಚ್ಚ ಹೊಸದರಂತೆ ಇತ್ತು. ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು ಅಂತ ಗೆರೆ ಎಳೆದು ತೋರಿಸಿದ ಹಾಗೆ. ಕಣಜದ ಗೂಡು ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

ಹೊಸದರ ಒಳಗೆ ಕೋಣೆ ಇಲ್ಲ. ನಡುವೆ ತೂತಿನ ಕೊಳವೆ, ಸುತ್ತ ಗ್ಲಾಸ್ ವುಲ್. ಹೊಗೆ ನೇರ ಹೋಗುತ್ತದೆ, ಸದ್ದನ್ನು ವುಲ್ ಹೀರುತ್ತದೆ. ಕಂಪನಿಯ ಡಬ್ಬಿಗೆ ಹೋಲಿಸಿದರೆ ಇದರ ದೌರ್ಬಲ್ಯವೂ ಅದೇ ವುಲ್. ಉರಿದುರಿದು ಸವೆಯುತ್ತದೆ, ಮಳೆ ನೀರು ಕುಡಿದರೆ ಬೇಗ ಕೆಡುತ್ತದೆ. ಸದ್ದು ಒರಟಾಗುತ್ತಾ ಬಂದರೆ ರಿವೆಟ್ ಬಿಚ್ಚಿ ಹೊಸ ವುಲ್ ತುಂಬಬೇಕು. ರಿವೆಟ್ ಬದಲು ಎಲ್ಲ ಕಡೆ ವೆಲ್ಡ್ ಮಾಡಿ ಮುಚ್ಚಿದ ಡಬ್ಬಿ ತಂದರೆ ಆ ದಾರಿಯೂ ಇಲ್ಲ.

ಕೂರಿಸುವ ಮೊದಲು ಗಾಡಿಯ ಪೈಪಿನ ತುದಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಹಳೆ ಗ್ಯಾಸ್ಕೆಟ್ಟಿನ ಚೂರೆಲ್ಲ ಕೆರೆದೆ. ಹೊಸ ಗ್ಯಾಸ್ಕೆಟ್, ಲಿಂಕ್ ಪೈಪು, ಕ್ಲ್ಯಾಂಪು, ಡಬ್ಬಿ, ಅದನ್ನು ಬ್ರಾಕೆಟ್ಟಿಗೆ ತೂಗುಹಾಕುವ ಹ್ಯಾಂಗರ್ ಪಟ್ಟಿ ಎಲ್ಲ ಕೈಬಿಗಿಯಲ್ಲೇ ಜೋಡಿಸಿಕೊಳ್ಳಬೇಕು. ಸ್ಪ್ಯಾನರ್ ಆಮೇಲೆ. ಬಿಗಿ ಮಾಡುವುದು ಎಂಜಿನ್ ಕಡೆಯಿಂದ ಹಿಂದಕ್ಕೆ, ಹ್ಯಾಂಗರ್ ಬೋಲ್ಟ್ ಕಟ್ಟಕಡೆಗೆ. ಹ್ಯಾಂಗರನ್ನು ಮೊದಲು ಬಿಗಿದರೆ ಡಬ್ಬಿ ಓರೆಯಾಗಿ ಎಳೆದುಕೊಂಡು ಕೂರುತ್ತದೆ. ನಮ್ಮ ರಸ್ತೆಯ ಗುಂಡಿಗೆ ಆ ಎಳೆತವೇ ಸಾಕು, ಬ್ರಾಕೆಟ್ಟಿನ ಕಿವಿ ಬಿರುಕು ಬಿಡಲು. ನಮ್ಮದು ತುಸು ಒಳಕ್ಕೆ ವಾಲಿ ಸ್ವಿಂಗ್ ಆರ್ಮಿಗೆ ಹತ್ತಿರವಾಗಿತ್ತು. ಬ್ರಾಕೆಟ್ಟಿಗೂ ಪಟ್ಟಿಗೂ ನಡುವೆ ಒಂದು ದಪ್ಪ ವಾಷರ್ ಕೊಟ್ಟ ಮೇಲೆ ಸರಿಯಾಯಿತು. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ತಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕುಕ್ಕಿಸಿ ನೋಡಿದೆ. ಸಸ್ಪೆನ್ಷನ್ ಪೂರ್ತಿ ಇಳಿದಾಗಲೂ ಡಬ್ಬಿಗೂ ಸ್ವಿಂಗ್ ಆರ್ಮಿಗೂ ನಡುವೆ ಬೆರಳು ಆಡಬೇಕು. ಹಿಂದಿನ ಬ್ರೇಕ್ ಹೋಸ್ ಪೈಪಿನಿಂದ ದೂರ ಇದೆಯಾ, ಹಿಮ್ಮಡಿ ತಾಗುತ್ತದಾ, ಅದೂ ಆಗಲೇ ನೋಡಿಕೊಂಡೆವು.

ಲಿಂಕ್ ಪೈಪು ಡಬ್ಬಿಗೆ ಸೇರುವಲ್ಲಿ ಸ್ಪ್ರಿಂಗು. ಇದನ್ನು ಕಟಿಂಗ್ ಪ್ಲೇಯರಿನಲ್ಲಿ ಎಳೆಯಲು ಹೋಗಿ ಗೆಣ್ಣು ಜಜ್ಜಿಕೊಳ್ಳುವವರೇ ಹೆಚ್ಚು. ಹಳೆ ಕ್ಲಚ್ ಕೇಬಲ್ಲಿನ ಒಳತಂತಿಯನ್ನು ಕುಣಿಕೆ ಮಾಡಿ, ಕಾಫಿ ಕಡ್ಡಿಯ ತುಂಡೊಂದನ್ನು ಹಿಡಿಯಾಗಿ ಕಟ್ಟಿಕೊಂಡರೆ ಸ್ಪ್ರಿಂಗ್ ಆರಾಮವಾಗಿ ಎಳೆದು ಕೊಕ್ಕೆಗೆ ಸಿಕ್ಕಿಸಬಹುದು. ಕಣ್ಣಿಗೆ ಕನ್ನಡಕ ಇರಲಿ, ತಪ್ಪಿ ಹಾರಿದ ಸ್ಪ್ರಿಂಗಿಗೆ ಮುಖ ಮೋರೆ ಗೊತ್ತಾಗುವುದಿಲ್ಲ. ಈ ಜಾಯಿಂಟಿಗೆ ತೆಳ್ಳಗೆ ಹೈ ಟೆಂಪರೇಚರ್ ಸಿಲಿಕಾನ್ ಹಚ್ಚಿದೆ. ಅದು ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು. ಇಡೀ ಕೆಲಸದಲ್ಲಿ ಕಕ್ಕಡದ ಮಳೆಯಿಂದ ಉಪಕಾರವಾದದ್ದು ಇದೊಂದಕ್ಕೇ. ಆಕ್ಸಿಜನ್ ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆ, ಮಾಮೂಲಿ ಸಿಲಿಕಾನ್ ಹಚ್ಚಬೇಡಿ. ಅದರ ಆವಿಗೆ ಸೆನ್ಸರ್ ಹಾಳಾಗುತ್ತದೆ. ಬೋಲ್ಟುಗಳ ಥ್ರೆಡ್ಡಿಗೆಲ್ಲ ಆಂಟಿ-ಸೀಜ್ ಪೇಸ್ಟ್ ಬಳಿದೆ. ಫುಟ್‌ರೆಸ್ಟ್ ಬ್ರಾಕೆಟ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್. ಎರಡು ಬೇರೆ ಲೋಹದ ನಡುವೆ ಮಳೆ ನೀರು ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬಿಗಿ ಎಷ್ಟು ಅನ್ನುವುದು ಗಾಡಿಯ ಸರ್ವಿಸ್ ಮ್ಯಾನುವಲ್ಲಿನಲ್ಲಿ ಇರುತ್ತದೆ, ಪೇಸ್ಟ್ ಹಚ್ಚಿದ್ದರೆ ಅದಕ್ಕಿಂತ ತುಸು ಕಡಿಮೆ ಸಾಕು.

ಸ್ಟಾರ್ಟ್ ಮಾಡುವ ಮುಂಚೆ ಪೈಪು, ಡಬ್ಬಿ ಎಲ್ಲ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಬೆರಳಿನ ಎಣ್ಣೆ ಗುರುತು ಇದ್ದರೆ ಮೊದಲ ಬಿಸಿಗೇ ಸುಟ್ಟು ಅಚ್ಚಾಗಿ ಉಳಿಯುತ್ತದೆ, ಆಮೇಲೆ ಏನು ಉಜ್ಜಿದರೂ ಹೋಗದು. ಲೀಕ್ ನೋಡಲು ದೇವರ ಮುಂದಿನ ಊದುಬತ್ತಿ ತಂದೆವು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಹೊಗೆಯನ್ನು ಒಂದೊಂದೇ ಜಾಯಿಂಟಿನ ಸುತ್ತ ಹಿಡಿದು ನೋಡುವುದು. ಲೀಕ್ ಇದ್ದಲ್ಲಿ ಹೊಗೆಯ ಎಳೆ ಪಟಪಟ ಒಡೆಯುತ್ತದೆ. ಕ್ಲ್ಯಾಂಪಿನ ಕೆಳಗೆ ಒಂದು ಕಡೆ ಒಡೆಯಿತು, ಅರ್ಧ ಸುತ್ತು ಬಿಗಿ ಮಾಡಿದ ಮೇಲೆ ನೆಟ್ಟಗೆ ಎದ್ದಿತು. ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಊದುಬತ್ತಿ ಒಯ್ಯಬೇಡಿ. ಮೊದಲ ಹತ್ತು ನಿಮಿಷ ಡಬ್ಬಿಯಿಂದ ಬಿಳಿ ಹೊಗೆ, ಸುಟ್ಟ ವಾಸನೆ. ವುಲ್ಲಿನ ಅಂಟು ಉರಿಯುವುದು ಅದು. ಅಡುಗೆಮನೆಯಿಂದ ಅಮ್ಮ ಬಂದು, "ಏನೋ ಅದು, ಗಾಡಿಗೆ ಬೆಂಕಿ ಹಚ್ಚಿದ್ರಾ?" ಅಂದರು.

ಮೆಣಸು ತೂಗುವ ತಕ್ಕಡಿಯಲ್ಲಿ ಎರಡನ್ನೂ ಇಟ್ಟಿದ್ದೆ. ಹಳೆಯದು, ಒಳಗಿನ ಕೊಚ್ಚೆ ಚೆಲ್ಲಿದ ಮೇಲೂ, ನಾಲ್ಕು ಕೆಜಿ ದಾಟಿತು. ಹೊಸದು ಲಿಂಕ್ ಪೈಪು ಸೇರಿ ಎರಡರ ಆಸುಪಾಸು. ಈ ತೂಕ ಇಳಿದದ್ದೇ ನಿಜವಾದ ಲಾಭ. ಪವರ್ ಜಾಸ್ತಿಯಾಯಿತು ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಸ್ಲಿಪ್-ಆನ್‌ನಿಂದ ಬರುವ ಪವರ್ ಸೀಟಿನ ಮೇಲೆ ಕೂತವನಿಗೆ ತಿಳಿಯುವಷ್ಟಿರುವುದಿಲ್ಲ, ಸದ್ದು ಬದಲಾದದ್ದಕ್ಕೆ ಜೋರು ಹೋದಂತೆ ಅನಿಸುತ್ತದೆ. ಚೆಟ್ಟಳ್ಳಿ ಮೇಲೆ ಮಡಿಕೇರಿಗೆ ಹೋಗಿ ಬಂದೆ. ಏರಿನಲ್ಲಿ ಮೊದಲಿನಷ್ಟೇ ಗೇರು ಇಳಿಸಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೊದಲು ಹಳೆ ತೂತಿನಿಂದ ಬರುತ್ತಿದ್ದ ಪಟಾಕಿ ಸದ್ದು ಹೆಚ್ಚುಕಮ್ಮಿ ನಿಂತಿದೆ. ಲೀಕಿನಿಂದ ಒಳಹೋದ ಗಾಳಿ, ಉರಿಯದೆ ಉಳಿದ ಪೆಟ್ರೋಲಿನ ಜೊತೆ ಸೇರಿ ಪೈಪಿನಲ್ಲೇ ಉರಿಯುವ ಸದ್ದು ಅದು. ಎಷ್ಟೋ ಜನ ಅದನ್ನೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ.

ಡಿಬಿ ಕಿಲ್ಲರ್ ತೆಗೆದು ಒಮ್ಮೆ ಕೇಳಿಸು ಅಂತ ತಮ್ಮನ ವರಾತ. ಮಾಲ್ದಾರೆ ಕಡೆಯಿಂದ ಆನೆ ದಾಟುವ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಗಾಡಿಯ ಸದ್ದು ಬರೀ ಶೋಕಿ ಅಲ್ಲ. ತಿರುವಿನಾಚೆ ತೋಟದೊಳಗೆ ಕೊಂಬೆ ಮುರಿದ ಸದ್ದು ಹೆಲ್ಮೆಟ್ಟಿನೊಳಗೆ ಕೇಳಬೇಕಾದರೆ ನಮ್ಮ ಎಂಜಿನ್ ಬಾಯಿ ಮುಚ್ಚಿಕೊಂಡಿರಬೇಕು. ಮರಿ ಇರುವ ಹಿಂಡಿನ ಪಕ್ಕ ಸಿಡಿಸಿಕೊಂಡು ಹೋದವನು ಮುಂದೆ ದಾಟಿ ಹೋಗಿರುತ್ತಾನೆ, ರೇಗಿದ ಆನೆಗೆ ಸಿಗುವುದು ಹಿಂದೆ ಸೈಕಲ್ಲಿನಲ್ಲಿ ಬರುವ ಕೆಲಸದವನು. ಕಿಲ್ಲರಿನ ಬೋಲ್ಟಿಗೆ ಥ್ರೆಡ್ ಲಾಕ್ ಹಾಕಿ ಬಿಗಿದಿದ್ದೇನೆ.

ಸವಾರಿ ಮುಗಿದು ಪೂರ್ತಿ ತಣ್ಣಗಾದ ಮೇಲೆ ಕ್ಲ್ಯಾಂಪು, ಹ್ಯಾಂಗರ್ ಎರಡಕ್ಕೂ ಮತ್ತೆ ಸ್ಪ್ಯಾನರ್ ಹಿಡಿದೆ. ಗ್ಯಾಸ್ಕೆಟ್ ಬಿಸಿಗೆ ಅಮುಕಿಕೊಳ್ಳುವುದರಿಂದ ಕ್ಲ್ಯಾಂಪ್ ತುಸು ಸಡಿಲವಾಗಿಯೇ ಆಗುತ್ತದೆ. ಜಾಯಿಂಟಿನ ಸುತ್ತ ಮಸಿ ಗೆರೆ ಕಾಣಲಿಲ್ಲ. ಲಿಂಕ್ ಪೈಪಿನ ಬಾಗು ಈಗ ಚಿನ್ನದ ಬಣ್ಣಕ್ಕೆ ತಿರುಗಿದೆ, ಕ್ಲ್ಯಾಂಪಿನ ಹತ್ತಿರ ಸ್ವಲ್ಪ ನೀಲಿ. ತಳದ ನೀರಿನ ರಂಧ್ರಕ್ಕೆ ವಾರಕ್ಕೊಮ್ಮೆ ತಂತಿ ಆಡಿಸುತ್ತಿದ್ದೇನೆ. ಪೇಟೆ ಕೆಲಸ ಮುಗಿಸಿ ಬರುವಾಗ ಅಮ್ಮತ್ತಿ ಸುತ್ತಿ ಬರುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ, ಡಬ್ಬಿ ಒಣಗಲಿ ಅಂತ. ಪೆಟ್ರೋಲ್ ಲೆಕ್ಕ ಕೇಳಿದ ಅಪ್ಪನಿಗೆ ಈ ಕಾರಣ ಇನ್ನೂ ಒಪ್ಪಿಗೆಯಾಗಿಲ್ಲ.